ಆರಿಸು

ಗೋಣಿಕೊಪ್ಪದ ಬೈಪಾಸಿನಲ್ಲಿ ಮೂಸನ ಅಂಗಡಿ.
ಎದುರಿಗೊಂದು ಗೋಡೆ,
ಸಿಮೆಂಟಿನ ಜಾಹೀರಾತು ಮಾಸಿ ಮಾಸಿ
ಈಗ ಉಳಿದಿರುವುದು ಯಾರದೋ ಮೀಸೆ ಮಾತ್ರ.
ಮೀಸೆಯಿಂದ ಒಂದು ಗೇಣು ಕೆಳಗೆ
ಸೀಮೆಸುಣ್ಣದ ಅಡ್ಡಗೆರೆ.
ಸಂಜೆ ಏಳರ ಮೇಲೆ ಊರಿನ ಗಾಡಿಗಳೆಲ್ಲ
ಅಲ್ಲಿ ಬಂದು ಕಣ್ಣು ತೋರಿಸುತ್ತವೆ.

ಮಂಕಾಗಿದೆ, ಅಂದೆ.
ಪಿಕಪ್ಪಿನದೋ ನಿಮ್ಮದೋ, ಅಂದ ಮೂಸ.
ನಕ್ಕೆ. ಐವತ್ತಮೂರು ದಾಟಿದ ಮೇಲೆ
ಅದು ಪೂರ್ತಿ ನಗೆಯಲ್ಲ.

ಡಬ್ಬಿ ತೆರೆದು ಒಂದೊಂದೇ ಇಟ್ಟ.
ಇದು ಕಂಪನಿಯದು, ಅರವತ್ತು ವ್ಯಾಟು, ಇನ್ನೂರರ ಒಳಗೆ.
ಇದು ನೂರು. ಒಳಗಿನ ಹೋಲ್ಡರು ಕರಗಿದರೆ
ಆಮೇಲೆ ನನ್ನನ್ನು ಕೇಳಬಾರದು.
ಇದು ಎಲ್‌ಇಡಿ, ಬೆನ್ನಿಗೆ ಪುಟ್ಟ ಫ್ಯಾನು,
ಬಾಡಿಗೆ ಜೀಪಿನ ಹುಡುಗರಿಗೆ ಇದೇ ಬೇಕು,
ಹಾಲು ಚೆಲ್ಲಿದ ಹಾಗೆ ಬಿಳಿ.
ಮಂಜು ಕವಿದರೆ ಮಾತ್ರ
ಅದೇ ಹಾಲು ನಿಮ್ಮ ಮುಖಕ್ಕೇ ವಾಪಸು.
ಇದು ಹಳದಿ. ಯಾರೂ ಕೇಳುವುದಿಲ್ಲ.
ನನ್ನ ಬಾಪ ಮೀನಿನ ಲಾರಿಯಲ್ಲಿ
ಮೂವತ್ತು ವರ್ಷ ಮಾಕುಟ್ಟ ಹತ್ತಿದ್ದು ಇದರಲ್ಲೇ.

ಕೈ ಚಾಚಿದೆ. ಮುಟ್ಟಬೇಡಿ, ಅಂದ ಗಟ್ಟಿಯಾಗಿ.
ಬೆರಳಿನ ಜಿಡ್ಡು ತಾಗಿದ ಕಡೆ
ಗಾಜು ಹೆಚ್ಚು ಕಾಯುತ್ತದೆ, ಒಂದು ದಿನ ಒಡೆಯುತ್ತದೆ.
ನೋಡಿ ಆರಿಸಿ.

ನೋಡುತ್ತಲೇ ಇದ್ದೆ. ಆದರೆ ಕಣ್ಣಿನೊಳಗೆ
ಹೋದ ಮಂಗಳವಾರ.

ಹಿಂದೆ ಹದಿನೆಂಟು ಚೀಲ ಕಾಫಿ ಹಣ್ಣು,
ಚೀಲಗಳ ಮೇಲೆ ಲೈನ್ ಮನೆಯ ಏಳು ಜನ,
ನನ್ನ ಪಕ್ಕ ಚೋಮಿ, ಮಡಿಲಲ್ಲಿ ನಿದ್ದೆಹೋದ ಮೊಮ್ಮಗ.
ಮಾಯಮುಡಿ ದಾಟಿದ ಮೇಲಿನ ತಿರುವು.
ಟಾರು ಕಪ್ಪು, ತೋಟ ಕಪ್ಪು,
ಆ ಕಪ್ಪಿನ ಒಂದು ತುಂಡಿಗೆ ಬಾಲವಿತ್ತು.

ಬ್ರೇಕು ಒತ್ತಿದಾಗ ನಡುವೆ ಉಳಿದದ್ದು
ಒಂದು ಮಂಚ ಹಾಕುವಷ್ಟು ಜಾಗ.
ಎಂಜಿನ್ನು ತಾನೇ ಸತ್ತಿತು.
ಅದು ತಿರುಗಿತು. ಕಿವಿ ಅಗಲಿಸಿ
ನನ್ನ ಬಡಕಲು ಬೆಳಕನ್ನೇ ದಿಟ್ಟಿಸಿತು,
ಯಾವ ಊರಪ್ಪಾ ನಿನ್ನದು ಎಂಬಂತೆ.
ನನ್ನ ಕೈ ಹಾರನ್ನಿನ ಮೇಲಿತ್ತು.
ಚೋಮಿ ಬರಿಯ ಉಸಿರಿನಲ್ಲಿ ಅಂದಳು,
ಆರಿಸು.

ಸ್ವಿಚ್ಚು ಬಿಗಿ. ಹಳೆಯ ಗಾಡಿ.
ಎರಡು ಸಲ ತಿರುಚಿದೆ,
ಮೂರನೆಯದಕ್ಕೆ ಕತ್ತಲಾಯಿತು.

ಆಮೇಲೆ ಒಂದೊಂದಾಗಿ ಕಂಡವು,
ರಸ್ತೆಯಂಚಿನ ಬಿಳಿ ಗೆರೆ,
ಎಲೆಗಳ ಮೇಲೆ ಇಬ್ಬನಿ, ಇಬ್ಬನಿಯಲ್ಲಿ ಚುಕ್ಕಿ,
ಆನೆಯ ಬೆನ್ನಿಗೆ ಅಂಟಿದ ಮಣ್ಣು,
ಅದರ ಕಾಲುಗಳ ನಡುವೆ, ಅಯ್ಯೋ,
ಇನ್ನೊಂದು, ನನ್ನ ಮೊಣಕಾಲಿಗಿಂತ ಸ್ವಲ್ಪ ಎತ್ತರ.
ಮಗು ಎದ್ದು ನೋಡಿತು. ಅಳಲಿಲ್ಲ.
ಅವು ತೋಟಕ್ಕಿಳಿದವು,
ಕೊಂಬೆ ಮುರಿಯುವ ಸದ್ದು ದೂರವಾಯಿತು,
ಚೀಲದ ಮೇಲೆ ಯಾರೋ ಕೆಮ್ಮಿದರು,
ಆಗಲೇ ನಾನು ಉಸಿರು ಬಿಟ್ಟದ್ದು.

ಅಷ್ಟರಲ್ಲಿ ಮೂಸ ಬಾನೆಟ್ಟಿನೊಳಗೆ ತಲೆ ಹಾಕಿ
ಮೀಟರು ಹಿಡಿದಿದ್ದ.
ಬ್ಯಾಟರಿಯಲ್ಲಿ ಹನ್ನೆರಡೂವರೆ,
ಬಲ್ಬಿನ ಬುಡದಲ್ಲಿ ಹತ್ತು.
ಬಲ್ಬಿನದೇನೂ ತಪ್ಪಿಲ್ಲಣ್ಣ,
ಎರಡೂವರೆ ವೋಲ್ಟು ದಾರಿಯಲ್ಲೇ ಸೋರಿದೆ.
ದಪ್ಪ ವೈರು ಎಳೆದು ರಿಲೇ ಕೂರಿಸಿದರೆ
ಈ ಅರವತ್ತೇ ಸಾಕು, ಗೋಡೆ ಬೆವರುತ್ತದೆ.

ಹಿಂದಿನಿಂದ ಒಂದು ಜೀಪು ಬಂತು,
ಮೀಸೆ ಒಮ್ಮೆಲೇ ಬೆಳ್ಳಗಾಯಿತು.
ಸ್ಕೂಟರಿನ ಹೆಂಗಸೊಬ್ಬಳು ಕಣ್ಣಿಗೆ ಕೈ ಅಡ್ಡ ಹಿಡಿದು
ರಸ್ತೆ ಬಿಟ್ಟಿಳಿದು ನಿಂತಳು.

ವೈರು ಎಳಿ, ಅಂದೆ. ಹಳದಿ ಹಾಕು.
ಗೆರೆ ದಾಟದ ಹಾಗೆ ಇಳಿಸು.
ಮತ್ತೆ ಆ ಸ್ವಿಚ್ಚು,
ಹೆಬ್ಬೆರಳು ತಾಗಿದರೆ ಸಾಕು, ಒಂದೇ ಸಲಕ್ಕೆ
ಸದ್ದಿಲ್ಲದೆ ಆರಬೇಕು.

ಮೂಸ ಮೀಟರು ಕೆಳಗಿಟ್ಟು ನನ್ನನ್ನು ನೋಡಿದ.
ಹೊತ್ತುವುದಿಲ್ಲ ಅಂತ ಬರುತ್ತಾರೆ ಎಲ್ಲರೂ, ಅಂದ.
ಎಣ್ಣೆ ಡಬ್ಬಿ ಹುಡುಕಿಕೊಂಡು
ಒಳಗೆ ಹೋದ.